ವಿಂಡೋಸ್‌ನ ಮುಖ, ಲಿನಕ್ಸ್‌ನ ಮೈ: ಹಳೆ ಕಂಪ್ಯೂಟರ್‌ನ ಥೀಮ್ ಬದಲಿಸುವ ಮುನ್ನ ತಿಳಿಯಬೇಕಾದ್ದು

ಇಚಲಕರಂಜಿಯ ಪವರ್‌ಲೂಮ್ ಕಚೇರಿಯಾಗಲಿ, ಕೊಲ್ಹಾಪುರದ ಅಂಗಡಿಯಾಗಲಿ, ಗಡಹಿಂಗ್ಲಜದ ಝೆರಾಕ್ಸ್ ಸೆಂಟರ್ ಆಗಲಿ, ಬಿಲ್ ಹಾಕಲು, ಅರ್ಜಿ ಟೈಪ್ ಮಾಡಲು ಹತ್ತು ವರ್ಷದ ಹಿಂದೆ ಕೊಂಡ ಕಂಪ್ಯೂಟರೇ ಸಾಕು. ಆದರೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಎಂದರೆ ಅದು ಟಿಪಿಎಂ 2.0 ಚಿಪ್ ಕೇಳುತ್ತದೆ, ಹೊಸ ತಲೆಮಾರಿನ ಪ್ರೊಸೆಸರ್ ಕೇಳುತ್ತದೆ. ಹೊಸ ಯಂತ್ರಕ್ಕೆ ದುಡ್ಡಿಲ್ಲದವರಿಗೆ ಒಂದು ದಾರಿ ಲಿನಕ್ಸ್. ಅದು ಉಚಿತ.

ಆದರೆ ಹೊಸ ಪರದೆ ಕಂಡ ಕೂಡಲೇ ಲೆಕ್ಕ ಬರೆಯುವವರು ‘ಇದು ನಮಗೆ ಆಗಲಿಕ್ಕಿಲ್ಲ’ ಎಂದುಬಿಡುತ್ತಾರೆ. ಅದಕ್ಕೇ ಲಿನಕ್ಸ್‌ಗೆ ವಿಂಡೋಸ್‌ನ ಮುಖ ತೊಡಿಸುವ ಥೀಮ್‌ಗಳಿಗೆ ಬೇಡಿಕೆ. ಇದು ಮಕ್ಕಳಾಟವೇನಲ್ಲ. ರಕ್ಷಣಾ ಸಚಿವಾಲಯಕ್ಕಾಗಿ ಉಬುಂಟು ಆಧಾರದಲ್ಲಿ ತಯಾರಾದ ‘ಮಾಯಾ’ ವ್ಯವಸ್ಥೆಯ ಸುದ್ದಿ 2023ರಲ್ಲಿ ಬಂದಾಗ, ಅದರ ಪರದೆಯೂ ವಿಂಡೋಸ್‌ನಂತೆಯೇ ಇರುತ್ತದೆ ಎಂದು ವರದಿಯಾಗಿತ್ತು.

ಹಾಗಾದರೆ ವಿಂಡೋಸ್‌ನ ಥೀಮ್ ಫೈಲನ್ನೇ ಕಾಪಿ ಮಾಡಿ ಲಿನಕ್ಸ್‌ಗೆ ಹಾಕಬಹುದೇ? ಆಗುವುದಿಲ್ಲ. ಥೀಮ್ ಎಂದರೆ ಒಂದು ವಸ್ತು ಅಲ್ಲ, ಹಲವು ತುಂಡುಗಳ ಕಟ್ಟು. ಒಂದೊಂದು ತುಂಡಿಗೂ ಬೇರೆ ದಾರಿ.

ಹಿನ್ನೆಲೆ ಚಿತ್ರ ಹಾಗೆಯೇ ಬರುತ್ತದೆ, ಅದು ಬರೀ ಫೋಟೊ. ಕಿಟಕಿ, ಬಟನ್‌ಗಳ ರೂಪ ವಿಂಡೋಸ್‌ನಲ್ಲಿ ‘ಎಂಎಸ್‌ಸ್ಟೈಲ್ಸ್’ ಎಂಬ ಫೈಲಿನಲ್ಲಿರುತ್ತದೆ. ಲಿನಕ್ಸ್ ಅದನ್ನು ಓದುವುದಿಲ್ಲ. ಲಿನಕ್ಸ್ ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್‌ನಲ್ಲಿ ಅದೇ ಬಣ್ಣ, ಅದೇ ಅಂಚನ್ನು ವೆಬ್‌ಸೈಟ್ ವಿನ್ಯಾಸಕ್ಕೆ ಬಳಸುವಂಥ ಸಿಎಸ್‌ಎಸ್‌ನಲ್ಲಿ ಹೊಸದಾಗಿ ಬರೆಯಬೇಕು. ಮೌಸ್ ಬಾಣದ ಫೈಲನ್ನು ಲಿನಕ್ಸ್‌ನ ಎಕ್ಸ್‌ಕರ್ಸರ್ ರೂಪಕ್ಕೆ ಪರಿವರ್ತಿಸಬೇಕು. ಐಕಾನ್‌ಗಳನ್ನು ಪಿಎನ್‌ಜಿ ಅಥವಾ ಎಸ್‌ವಿಜಿ ಮಾಡಿ, ಲಿನಕ್ಸ್ ಹುಡುಕುವ ಹೆಸರಿನಲ್ಲೇ ಇಡಬೇಕು. ಹೆಸರು ತಪ್ಪಿದರೆ ಆ ಜಾಗದಲ್ಲಿ ಹಳೆಯ ಐಕಾನೇ ಕಾಣುತ್ತದೆ.

ಇಷ್ಟು ಕೆಲಸ ಎಲ್ಲರೂ ಮಾಡಬೇಕಿಲ್ಲ. ವಿಂಡೋಸ್ 95ರ ರೂಪಕ್ಕೆ ‘ಚಿಕಾಗೋ 95’ನಂಥ ಸಿದ್ಧ ಥೀಮ್‌ಗಳಿವೆ, ವಿಂಡೋಸ್ 10ರದ್ದೂ ಸಿಗುತ್ತದೆ. ಸಿನಮನ್‌ನಲ್ಲಂತೂ ಪಟ್ಟಿ ಕೆಳಗೆ, ಮೆನು ಎಡಮೂಲೆಯಲ್ಲಿ ಮೊದಲೇ ಇರುವುದರಿಂದ ಬಣ್ಣ, ಐಕಾನ್ ಬದಲಿಸಿದರೆ ಅರ್ಧ ಕೆಲಸ ಮುಗಿಯಿತು.

ಗಡಿಭಾಗದವರಿಗೆ ನಿಜವಾದ ತಲೆನೋವು ಅಕ್ಷರ. ಗಡಹಿಂಗ್ಲಜದಂಥ ಊರಲ್ಲಿ ಒಂದೇ ಕಂಪ್ಯೂಟರ್‌ನಲ್ಲಿ ಕನ್ನಡವೂ ಬೇಕು, ಮರಾಠಿಯೂ ಬೇಕು. ವಿಂಡೋಸ್‌ನ ತುಂಗಾ, ನಿರ್ಮಲಾ, ಮಂಗಲ್ ಫಾಂಟ್‌ಗಳಿಗೆ ಪರವಾನಗಿ ಇದೆ, ಹಾಗೇ ಎತ್ತಿಕೊಂಡು ಹೋಗುವಂತಿಲ್ಲ. ಬದಲಿಗೆ ನೋಟೊ, ಲೋಹಿತ್ ಫಾಂಟ್‌ಗಳು ಎರಡೂ ಲಿಪಿಗಳಿಗೆ ಉಚಿತವಾಗಿ ಸಿಗುತ್ತವೆ. ಯೂನಿಕೋಡ್‌ನಲ್ಲಿ ಬರೆದ ಕಡತ ಸರಿಯಾಗಿ ತೆರೆಯುತ್ತದೆ. ಆದರೆ ಹಳೆಯ ನುಡಿ, ಬರಹ ಅಥವಾ ಶ್ರೀಲಿಪಿಯ ಫಾಂಟ್‌ನಲ್ಲಿ, ಯೂನಿಕೋಡ್ ಅಲ್ಲದೆ ಟೈಪ್ ಮಾಡಿದ ಪತ್ರ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅಂಥ ಕಡತಗಳನ್ನು ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳುವುದು ಜಾಣತನ.

ಇನ್ನೊಂದು ಮಾತು. ಮುಖ ವಿಂಡೋಸ್‌ನದ್ದಾದರೂ ಮೈ ಲಿನಕ್ಸ್‌ನದ್ದೇ. ಟ್ಯಾಲಿ ವಿಂಡೋಸ್‌ಗೆ ಮಾಡಿದ ಸಾಫ್ಟ್‌ವೇರ್, ಥೀಮ್ ಹಾಕಿದ ಮಾತ್ರಕ್ಕೆ ಅದು ಓಡುವುದಿಲ್ಲ. ಹಾಗೆಯೇ ವಿಂಡೋಸ್ 10ಕ್ಕೆ 11ರ ಥೀಮ್ ಹಾಕಿಕೊಂಡವರಿಗೆ ಹೊಸ ರೂಪ ಸಿಗಬಹುದು, ಭದ್ರತೆಯ ಅಪ್‌ಡೇಟ್ ಸಿಗುವುದಿಲ್ಲ. ಸಿಕ್ಕ ಸಿಕ್ಕ ಸೈಟಿನಿಂದ ಥೀಮ್ ಇಳಿಸಿಕೊಂಡರೆ ಜೊತೆಗೆ ವೈರಸ್ ಕೂಡ ಬರಬಹುದು.

ಆದ್ದರಿಂದ ಮೊದಲು ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿಡಿ. ಲಿನಕ್ಸನ್ನು ಇನ್‌ಸ್ಟಾಲ್ ಮಾಡುವ ಮುನ್ನ ಪೆನ್‌ಡ್ರೈವ್‌ನಿಂದಲೇ ಚಲಾಯಿಸಿ, ಪ್ರಿಂಟರ್ ಕೆಲಸ ಮಾಡುತ್ತದೆಯೇ, ಕನ್ನಡ-ಮರಾಠಿ ಸರಿ ಕಾಣುತ್ತದೆಯೇ ನೋಡಿ. ಎಲ್ಲ ಸರಿಯಿದ್ದರೆ ಇನ್‌ಸ್ಟಾಲ್ ಮಾಡಿ, ಥೀಮ್ ಕೊನೆಗೆ ಹಾಕಿದರೆ ಸಾಕು. ದಿನವೂ ಆ ಕಂಪ್ಯೂಟರ್ ಮುಂದೆ ಕೂರುವವರನ್ನೂ ಜೊತೆಗೆ ಕೂರಿಸಿಕೊಂಡೇ ನೋಡಿ, ನಾಳೆ ಅದನ್ನು ಬಳಸಬೇಕಾದವರು ಅವರೇ ಅಲ್ಲವೇ.