ಹುಲ್ಲುಹಾಸಿಗೆ ಒಂದು ಹಿಡಿ ಯೂರಿಯಾ?

ಪ್ರಶ್ನೆ: ಮಾವಿನ ತೋಟಕ್ಕೆ ತಂದ ಯೂರಿಯಾ ಮಿಕ್ಕಿದೆ. ಮನೆ ಮುಂದಿನ ಹುಲ್ಲಿಗೂ ದಾಸವಾಳಕ್ಕೂ ಒಂದೊಂದು ಹಿಡಿ ಹಾಕಬಹುದೇ? – ಓದುಗರೊಬ್ಬರು, ಯಲ್ದೂರು

ಉತ್ತರ: ಹಾಕಬಹುದು. ತೊಂದರೆ ಇರುವುದು ಆ ‘ಹಿಡಿ’ಯಲ್ಲಿ. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕವಿದೆ. ಒಂದು ಚದರ ಮೀಟರ್ ಹುಲ್ಲಿಗೆ ಒಮ್ಮೆಗೆ 10 ಗ್ರಾಂ, ಅಂದರೆ ಎರಡು ಚಮಚದಷ್ಟು, ಧಾರಾಳವಾಯಿತು. ಹಿಡಿಗಟ್ಟಲೆ ಬುಡಕ್ಕೆ ಸುರಿದರೆ ಬೇರಿನ ನೀರನ್ನೇ ಎಳೆದುಕೊಂಡು ಎಲೆಯಂಚು ಸುಡುತ್ತದೆ.

ಗಿಡ ಉಣ್ಣದೆ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ? ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿಸುತ್ತವೆ. ನೈಟ್ರೇಟನ್ನು ಮಣ್ಣು ಹಿಡಿದಿಟ್ಟುಕೊಳ್ಳದು. ನೀರಿನೊಡನೆ ಅಂತರ್ಜಲಕ್ಕೆ ಇಳಿಯುತ್ತದೆ. ಕೊಳವೆಬಾವಿಯನ್ನೇ ನೆಚ್ಚಿದ ಕೋಲಾರ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮೀರಿದರೆ ಹಸುಗೂಸುಗಳ ರಕ್ತ ಆಮ್ಲಜನಕ ಸಾಗಿಸಲು ಸೋಲಬಹುದು. ಕುದಿಸಿದರೂ ನೈಟ್ರೇಟ್ ಹೋಗದು, ಇನ್ನಷ್ಟು ಗಟ್ಟಿಯಾಗುತ್ತದೆ.

ಇನ್ನೊಂದು ತಮಾಷೆ: ನಿಮ್ಮ ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಆ ಮಿತಿಯಷ್ಟೇ ಇದ್ದರೂ, ಸಾವಿರ ಲೀಟರ್ ಹಾಯಿಸಿದಾಗ ಸುಮಾರು 22 ಗ್ರಾಂ ಯೂರಿಯಾದಷ್ಟು ಸಾರಜನಕ ಪುಕ್ಕಟೆಯಾಗಿ ಸೇರಿರುತ್ತದೆ!

ಮಳೆ ಸುರಿಯುವ ಮುನ್ನಾದಿನ ಹಾಕಬೇಡಿ. ಹಾಕಿದ ಮೇಲೆ ಹದವಾಗಿ ನೀರು ಕೊಡಿ. ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಡಿ, ಅದೂ ಗೊಬ್ಬರವೇ. ದಾಸವಾಳಕ್ಕೆ ಕೊಳೆತ ಕೊಟ್ಟಿಗೆ ಗೊಬ್ಬರ, ಜೊತೆಗೆ ಹೊಂಗೆ ಹಿಂಡಿ ಸಾಕು. ಮಿಕ್ಕ ಯೂರಿಯಾ ತೇವ ತಾಗದಂತೆ ಕಟ್ಟಿಟ್ಟರೆ ಮುಂದಿನ ಹಂಗಾಮಿಗೆ ಮಾವಿಗೇ ಆದೀತು. ಅದಕ್ಕೂ ಮೊದಲು ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ.