ಕಾಲೇಜು ನಾಟಕಕ್ಕೆ ಬರೀ ಪಾತ್ರಧಾರಿಗಳು ಸಾಕಾ? ಪರದೆ ಹಿಂದಿನ ಟೀಮ್‌ಗಳ ಕೆಲಸ ಏನು? ಇಲ್ಲಿದೆ ಪೂರ್ತಿ ವಿವರ

‘ಅಣ್ಣಾ, ನಾಟಕಕ್ಕೆ ಒಂದು ಹಿತ್ತಾಳೆ ಚೊಂಬು ಬೇಕಿತ್ತು, ನಾಳಿದ್ದು ವಾಪಸ್ ಕೊಡ್ತೀವಿ.’ ಕಾಲೇಜು ಹುಡುಗರು ಹೀಗೆ ಕೇಳಿಕೊಂಡು ಬಂದಿದ್ದು ಎಷ್ಟೋ ಅಂಗಡಿಯವರಿಗೆ ನೆನಪಿರುತ್ತೆ. ಕೆಲವು ಸಲ ಚೊಂಬು ವಾಪಸ್ ಬರುತ್ತೆ, ಕೆಲವು ಸಲ ಬರಲ್ಲ. ಹುಡುಗರು ಕೆಟ್ಟವರು ಅಂತಲ್ಲ. ಅದನ್ನು ನೋಡಿಕೊಳ್ಳುವ ಕೆಲಸ ಯಾರದ್ದು ಅಂತ ಯಾರೂ ಹೇಳಿರುವುದಿಲ್ಲ. ಟೀಮ್ ಕಟ್ಟಿಕೊಂಡು ನಾಟಕ ಮಾಡುವುದು ಅಂದರೆ ಮೊದಲು ಇದನ್ನು ಸರಿ ಮಾಡುವುದು.

ಉದಾಹರಣೆಗೆ ಟಿ.ಪಿ. ಕೈಲಾಸಂ ಅವರ ‘ಟೊಳ್ಳು ಗಟ್ಟಿ’ ತಗೊಳ್ಳೋಣ. ನೂರು ವರ್ಷ ದಾಟಿದ ನಾಟಕ. ಒಂದೇ ಮನೆಯ ಇಬ್ಬರು ಹುಡುಗರು. ಒಬ್ಬ ಓದಿನಲ್ಲಿ ಮುಂದು, ಇನ್ನೊಬ್ಬ ಪರೀಕ್ಷೆಯಲ್ಲಿ ಹಿಂದು, ಆದರೆ ಮನೆಯವರ ಕಷ್ಟಕ್ಕೆ ಆಗೋನು ಅವನೇ. ಕಥೆ ನಡೆಯುವುದು ಮನೆಯಲ್ಲೇ ಆದ್ದರಿಂದ ದೊಡ್ಡ ಸೆಟ್ ಬೇಕಿಲ್ಲ, ಕಾಲೇಜಿಗೆ ಹೇಳಿ ಮಾಡಿಸಿದ ಹಾಗಿದೆ.

ಯಾವ ಟೀಮ್, ಏನು ಕೆಲಸ?

ನಿರ್ದೇಶಕರು ನಟರಿಗೆ ಮಾತು, ನಡೆ ಕಲಿಸುತ್ತಾರೆ. ರಂಗಸಜ್ಜಿಕೆ ಟೀಮ್ ಬಾಗಿಲು, ಬೆಂಚು, ಕುರ್ಚಿ ಎಲ್ಲಿರಬೇಕು ಅಂತ ನೋಡುತ್ತೆ. ರಿಹರ್ಸಲ್ ಶುರುವಾದ ದಿನವೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಳತೆ ಹಾಕಿಕೊಟ್ಟರೆ ಕೊನೆಯ ದಿನ ನಟರು ಕುರ್ಚಿಗೆ ಎಡವಲ್ಲ.

ವಸ್ತ್ರಾಲಂಕಾರದವರು ಪಂಚೆ, ಕೋಟು, ಪೇಟ, ಸೀರೆ ಹೊಂದಿಸಬೇಕು. ಪ್ರಾಪರ್ಟಿ ಟೀಮ್ ತಂದ ಪ್ರತಿ ಸಾಮಾನಿಗೂ ಎರಡು ಚೀಟಿ ಬರೆಯಬೇಕು: ಒಂದು ಅಂಗಡಿಯವರಿಗೆ, ಒಂದು ತಮಗೆ. ಹೆಸರು, ಫೋನ್ ನಂಬರ್, ವಾಪಸ್ ಕೊಡುವ ದಿನ ಅದರಲ್ಲೇ ಇರಬೇಕು.

ಇವರೆಲ್ಲರನ್ನೂ ಜೋಡಿಸೋನು ಸ್ಟೇಜ್ ಮ್ಯಾನೇಜರ್. ಯಾವ ಮಾತಿಗೆ ಲೈಟ್ ಆರಬೇಕು, ಯಾರು ಯಾವ ಕಡೆಯಿಂದ ಒಳಗೆ ಬರಬೇಕು ಅನ್ನೋದೆಲ್ಲ ಅವನ ಸ್ಕ್ರಿಪ್ಟ್‌ನಲ್ಲಿ ಗುರುತಾಗಿರುತ್ತೆ. ಶೋ ಶುರುವಾದ ಮೇಲೆ ನಿರ್ದೇಶಕರೂ ಪ್ರೇಕ್ಷಕರ ಜೊತೆ ಕೂರಬೇಕಾದವರೇ, ಆಮೇಲೆ ನಡೆಯೋದು ಸ್ಟೇಜ್ ಮ್ಯಾನೇಜರ್ ಮಾತು.

ಲೈಟಿಂಗ್ ವಿಷಯದಲ್ಲಿ ಹುಷಾರು

ತಪ್ಪಾದರೆ ಅಪಾಯ ಆಗೋದು ಇಲ್ಲೇ. 1,000 ವಾಟ್‌ನ ಹಳೇ ಮಾದರಿ ಲೈಟ್ 8 ಹಾಕಿದರೆ 8,000 ವಾಟ್, ಅಂದರೆ ಸುಮಾರು 35 ಆಂಪಿಯರ್. ಕ್ಲಾಸ್‌ರೂಮಿನ ಮಾಮೂಲಿ ಪ್ಲಗ್ ಪಾಯಿಂಟ್ ಇರೋದು 6 ಆಂಪಿಯರ್‌ಗೆ. ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಚುಚ್ಚಿದರೆ ವೈರ್ ಸುಡುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಮೇನ್‌ನಿಂದ ಬೇರೆ ಲೈನ್ ಎಳೆಸಬೇಕು, ಇಲ್ಲಾ ಕಡಿಮೆ ಕರೆಂಟ್ ಎಳೆಯುವ ಎಲ್‌ಇಡಿ ಲೈಟ್ ಬಾಡಿಗೆಗೆ ತರಬೇಕು.

ಟಿಕೆಟ್ ಮಾರಬಹುದಾ?

ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೆ ಕೃತಿಯ ಹಕ್ಕು ವಾರಸುದಾರರದ್ದು. ಕೈಲಾಸಂ ತೀರಿಕೊಂಡಿದ್ದು 1946ರಲ್ಲಿ. ಹಾಗಾಗಿ ‘ಟೊಳ್ಳು ಗಟ್ಟಿ’ಗೆ ಯಾರ ಅನುಮತಿಯೂ ಬೇಕಿಲ್ಲ. ಆದರೆ ಗಿರೀಶ ಕಾರ್ನಾಡರ ‘ತುಘಲಕ್’ ಹಾಗಲ್ಲ, ಅವರು ತೀರಿಕೊಂಡಿದ್ದು 2019ರಲ್ಲಿ. ಕಾಲೇಜಿನ ಚಟುವಟಿಕೆಯಾಗಿ ವಿದ್ಯಾರ್ಥಿಗಳೇ ಆಡಿ, ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು, ಸಂಸ್ಥೆಗೆ ಸಂಬಂಧಪಟ್ಟವರು ಮಾತ್ರ ನೋಡಿದರೆ ಕಾನೂನಿನಲ್ಲಿ ವಿನಾಯಿತಿ ಇದೆ. ಊರಿಗೆಲ್ಲ ಟಿಕೆಟ್ ಮಾರುವುದಾದರೆ ಮೊದಲು ಲಿಖಿತ ಅನುಮತಿ ಪಡೆಯಬೇಕು.

ವೇಷ ಹಾಕದವರಿಗೆ ಏನು ಸಿಗುತ್ತೆ?

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ 1980ರಿಂದ ರಂಗಶಿಕ್ಷಣ ಕೊಡ್ತಿದೆ. ಅಲ್ಲಿ ಕಲಿಯೋರು ಅಭಿನಯದ ಜೊತೆಗೆ ಪರದೆ ಹಿಂದಿನ ಕೆಲಸವನ್ನೂ ಕಲಿಯುತ್ತಾರೆ. ಕಾಲೇಜುಗಳಲ್ಲೂ ಅಷ್ಟೇ. ಸ್ಟೇಜ್ ಮೇಲೆ ಬಾಯಿ ಬಿಡೋಕೆ ಹೆದರುವ ಹುಡುಗಿ ಲೆಕ್ಕದ ಪುಸ್ತಕ ಅಚ್ಚುಕಟ್ಟಾಗಿ ಇಡಬಹುದು. ಸಬ್ಜೆಕ್ಟ್ ಬ್ಯಾಕ್ ಇರೋ ಹುಡುಗ ಲೈಟ್ ಬೋರ್ಡ್ ಮುಂದೆ ಒಂದು ಕ್ಯೂ ಕೂಡ ತಪ್ಪಿಸದೇ ಇರಬಹುದು. ಮಾರ್ಕ್ಸ್ ಕಾರ್ಡ್‌ನಲ್ಲಿ ಇದು ಬರಲ್ಲ. ‘ಟೊಳ್ಳು ಗಟ್ಟಿ’ ಹೇಳೋದೂ ಇದನ್ನೇ.

ಮುಂದಿನ ಸಲ ಹುಡುಗರು ಚೊಂಬು ಕೇಳಿಕೊಂಡು ಬಂದರೆ ಅಂಗಡಿಯವರು ಒಂದು ಮಾತು ಕೇಳಿ: ‘ನಿಮ್ಮಲ್ಲಿ ಪ್ರಾಪರ್ಟಿ ನೋಡ್ಕೊಳ್ಳೋರು ಯಾರಪ್ಪಾ?’ ತಕ್ಷಣ ಒಂದು ಹೆಸರು ಬಂತು, ಕೈಗೆ ಚೀಟಿ ಬಂತು ಅಂದರೆ ಧೈರ್ಯವಾಗಿ ಕೊಡಿ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಮೊದಲು ಟೀಮ್ ಮಾಡಿಕೊಂಡು ಬನ್ನಿ ಅಂತ ಹೇಳಿ ಕಳಿಸಿ.