ವಯಸ್ಸಾದ ತಾಯಂದಿರ ಕಣ್ಣು ಒಣಗುವುದೇಕೆ?

ಐವತ್ತು ದಾಟಿದ ಅನೇಕ ತಾಯಂದಿರು ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತದೆ, ಉರಿಯುತ್ತದೆ, ಸಂಜೆಯಾದರೆ ಓದಲು ಆಗುವುದಿಲ್ಲ ಎನ್ನುತ್ತಾರೆ. ಧೂಳು, ಟಿವಿ, ಮೊಬೈಲ್ ಎಂದು ಹೇಳಿ ಮನೆಯವರು ಸುಮ್ಮನಾಗುತ್ತಾರೆ. ಅವೂ ಕಾರಣಗಳೇ. ಆದರೆ ಒಣಕಣ್ಣಿನ ರೋಗ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇದಕ್ಕೆ ಒಂದು ಮುಖ್ಯ ಕಾರಣ ಹಾರ್ಮೋನು.

ಕಣ್ಣೀರು ಎಂದರೆ ಬರೀ ನೀರಲ್ಲ. ಕಣ್ಣಿನ ಮೇಲೆ ಸದಾ ಇರುವ ತೆಳುವಾದ ಪದರದಲ್ಲಿ ಲೋಳೆ, ನೀರು, ಎಣ್ಣೆ ಮೂರೂ ಇವೆ. ನೀರನ್ನು ಮುಖ್ಯವಾಗಿ ಕೊಡುವುದು ಕಣ್ಣಿನ ಮೇಲ್ಭಾಗದ ಹೊರಮೂಲೆಯಲ್ಲಿರುವ ಕಣ್ಣೀರಿನ ಗ್ರಂಥಿ. ಎಣ್ಣೆಯನ್ನು ಕೊಡುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಮೈಬೋಮಿಯನ್ ಗ್ರಂಥಿಗಳು. ಎಣ್ಣೆ ಕಡಿಮೆಯಾದರೆ ಇರುವ ನೀರೂ ಬೇಗ ಆರಿಹೋಗುತ್ತದೆ. ಆಗ ಕಣ್ಣು ಉರಿದು ಒಮ್ಮೆಲೇ ನೀರು ಸುರಿಯುವುದೂ ಉಂಟು. ಆದ್ದರಿಂದ ನೀರು ಸುರಿಯುವ ಕಣ್ಣೂ ಒಣಕಣ್ಣೇ ಆಗಿರಬಹುದು.

ಈ ಎರಡೂ ಗ್ರಂಥಿಗಳು ಆಂಡ್ರೋಜನ್ ಎಂಬ ಹಾರ್ಮೋನಿನ ಮಾತು ಕೇಳುತ್ತವೆ. ಇದನ್ನು ಗಂಡಸರ ಹಾರ್ಮೋನು ಎನ್ನುವುದು ರೂಢಿ. ಆದರೆ ಹೆಂಗಸರಲ್ಲೂ ಅಂಡಾಶಯ ಮತ್ತು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಇದನ್ನು ತಯಾರಿಸುತ್ತವೆ. ರೆಪ್ಪೆಯಲ್ಲಿ ಎಣ್ಣೆ ಸರಿಯಾಗಿ ತಯಾರಾಗಲು, ಕಣ್ಣೀರಿನ ಗ್ರಂಥಿಯಲ್ಲಿ ಉರಿಯೂತ ಹೆಚ್ಚದಿರಲು ಇದು ಬೇಕು. ಹೆಂಗಸರಲ್ಲಿ ಮೊದಲೇ ಇದು ಕಡಿಮೆ. ಇಪ್ಪತ್ತರ ನಂತರ ನಿಧಾನವಾಗಿ ಇಳಿಯುತ್ತಾ ನಲವತ್ತು ದಾಟುವ ಹೊತ್ತಿಗೆ ಸುಮಾರು ಅರ್ಧಕ್ಕೆ ಬರುತ್ತದೆ. ಗಂಡಸರೂ ಇದರಿಂದ ಹೊರತಲ್ಲ. ಪ್ರಾಸ್ಟೇಟ್ ಕಾಯಿಲೆಗೆ ಆಂಡ್ರೋಜನ್ ತಡೆಯುವ ಔಷಧಿ ಪಡೆದವರಲ್ಲಿ ರೆಪ್ಪೆಯ ಎಣ್ಣೆ ಕೆಟ್ಟಿರುವುದನ್ನು ವೈದ್ಯರು ಕಂಡಿದ್ದಾರೆ.

ಮುಟ್ಟು ನಿಂತಾಗ ಈಸ್ಟ್ರೋಜನ್ ಇಳಿಯುತ್ತದೆ. ಹಾಗಾದರೆ ಅದರ ಮಾತ್ರೆ ತೆಗೆದುಕೊಂಡರೆ ಕಣ್ಣು ಸರಿಹೋಗಬೇಕಲ್ಲ? ಲೆಕ್ಕ ಅಷ್ಟು ಸರಳವಾಗಿಲ್ಲ. ಅಮೆರಿಕದಲ್ಲಿ ಮುಟ್ಟು ನಿಂತ 25 ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ನೋಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈಸ್ಟ್ರೋಜನ್ ಮಾತ್ರ ತೆಗೆದುಕೊಳ್ಳುತ್ತಿದ್ದವರಲ್ಲಿ ಒಣಕಣ್ಣಿನ ಸಂಭವ ಶೇ. 69ರಷ್ಟು ಹೆಚ್ಚು ಕಂಡುಬಂತು. ಪ್ರೊಜೆಸ್ಟರಾನ್ ಬಗೆಯ ಹಾರ್ಮೋನನ್ನೂ ಸೇರಿಸಿ ತೆಗೆದುಕೊಂಡವರಲ್ಲಿ ಶೇ. 29ರಷ್ಟು. ಇಷ್ಟರಿಂದಲೇ ಮಾತ್ರೆಯೇ ಕಾರಣ ಎಂದು ಸಾಬೀತಾಗುವುದಿಲ್ಲ. ಮೂಳೆ ಸವೆತಕ್ಕೋ ಬೇರೆ ತೊಂದರೆಗೋ ವೈದ್ಯರು ಬರೆದ ಮಾತ್ರೆಯನ್ನು ಯಾರೂ ತಾವಾಗಿಯೇ ನಿಲ್ಲಿಸಬಾರದು. ಕಣ್ಣಿನ ವೈದ್ಯರ ಬಳಿ ಹೋದಾಗ ಆ ಮಾತ್ರೆಯ ಹೆಸರನ್ನು ಸಂಕೋಚವಿಲ್ಲದೆ ಹೇಳಬೇಕು. ನಮ್ಮ ಮನೆಗಳಲ್ಲಿ ಮುಟ್ಟಿನ ವಿಷಯವನ್ನು ಕಣ್ಣಿನ ವೈದ್ಯರಿಗೇಕೆ ಹೇಳಬೇಕು ಎಂದು ಮುಚ್ಚಿಡುವುದೇ ಹೆಚ್ಚು.

ಒಣಕಣ್ಣಿಗೆ ಮೀನಿನ ಎಣ್ಣೆಯ ಕ್ಯಾಪ್ಸೂಲ್ ಒಳ್ಳೆಯದು ಎಂಬ ಸಲಹೆಯೂ ಬರುತ್ತದೆ. ಜೈನ ಕುಟುಂಬಗಳಿಗೆ ಇದು ಧರ್ಮಸಂಕಟ. 535 ರೋಗಿಗಳ ಮೇಲೆ ಒಂದು ವರ್ಷ ನಡೆಸಿ 2018ರಲ್ಲಿ ಪ್ರಕಟಿಸಿದ ಅಮೆರಿಕದ ಪರೀಕ್ಷೆಯಲ್ಲಿ, ಮೀನಿನ ಎಣ್ಣೆಯ ಒಮೆಗಾ-3 ಪಡೆದವರಿಗೂ ಆಲಿವ್ ಎಣ್ಣೆ ಪಡೆದವರಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ವ್ರತ ಬಿಡುವ ಪ್ರಸಂಗವೇ ಇಲ್ಲ. ಅಗಸೆ ಚಟ್ನಿ ಊಟಕ್ಕೆ ಒಳ್ಳೆಯದು, ತಿನ್ನಲಿ. ಆದರೆ ಅದನ್ನು ಕಣ್ಣಿನ ಔಷಧಿ ಎಂದು ನಂಬಿ ಕೂರುವುದು ಬೇಡ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಶುದ್ಧ ಬಟ್ಟೆಯನ್ನು ಹದವಾದ ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ ಐದಾರು ನಿಮಿಷ ಇಟ್ಟು, ನಂತರ ರೆಪ್ಪೆಯ ಅಂಚನ್ನು ಮೃದುವಾಗಿ ಒತ್ತುವುದು. ಗಟ್ಟಿಯಾದ ಎಣ್ಣೆ ಇದರಿಂದ ಸಡಿಲವಾಗುತ್ತದೆ. ಸ್ವಾಧ್ಯಾಯ ಮಾಡುವಾಗ ಆಗಾಗ ಕಣ್ಣು ಮಿಟುಕಿಸಬೇಕು. ಓದುವಾಗ ಮಿಟುಕಿಸುವುದು ತಾನಾಗಿಯೇ ಕಡಿಮೆಯಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿಕೊಳ್ಳುವುದು ಅಪಾಯ, ಗ್ಲಾಕೋಮಾ ಬರಬಹುದು.

ಕಣ್ಣಿನ ಜೊತೆ ಬಾಯಿಯೂ ಒಣಗಿ ಕೀಲು ನೋಯುತ್ತಿದ್ದರೆ ಅದು ಶೋಗ್ರೆನ್ ಕಾಯಿಲೆ ಇರಬಹುದು. ಇದೂ ಹೆಂಗಸರಲ್ಲೇ ಬಹಳ ಹೆಚ್ಚು. ಇಂಥವರು ತಡಮಾಡದೆ ವೈದ್ಯರನ್ನು ಕಾಣಬೇಕು. ಕಣ್ಣೀರಿನ ಪ್ರಮಾಣ ತಿಳಿಯಲು ಕೆಳರೆಪ್ಪೆಯಲ್ಲಿ ಕಾಗದದ ಪಟ್ಟಿ ಸಿಕ್ಕಿಸಿ ಎಷ್ಟು ಒದ್ದೆಯಾಯಿತು ಎಂದು ಅಳೆಯುತ್ತಾರೆ. ಐದು ನಿಮಿಷದ ಕೆಲಸ.